ಈ ಚಳಿಗಾಲ ಬರಬೇಡಿ

ಕುಜಿ ತಾತನವರಿಗೆ ಚಿಗುಸಳ ನಮಸ್ಕಾರಗಳು.

ನೀವು ಕಳಿಸಿದ ಸೇಬಿನ ಬುಟ್ಟಿ ತಲುಪಿತು. ಅಪ್ಪ ಹಾಸಿಗೆಯಲ್ಲೇ ಒರಗಿ ಕೂತು ಎರಡು ಹೋಳು ತಿಂದರು.

ಈಗಿನ ಹುಡುಗ ಹುಡುಗಿಯರೂ ನಮ್ಮ ಅಕ್ಕಿ ಮದ್ಯ ಸಾಕೆಯನ್ನು ಕುಡಿಯಲಿ ಎಂಬ ನನ್ನ ಹಟಕ್ಕೆ ಹೋದ ಚಳಿಗಾಲ ನೀವು ನೊರೆ ಉಕ್ಕುವ ಸಿಹಿ ಸಾಕೆ ಮಾಡಿಕೊಟ್ಟಿರಲ್ಲ, ಅದನ್ನು ನೀಲಿ ಬಾಟಲಿಗಳಲ್ಲಿ ತುಂಬಿ ಸೆಂಡಾಯ್ ನಗರದ ಮೇಳಕ್ಕೆ ಒಯ್ದಿದ್ದೆ. ಒಬ್ಬಳು ಲೋಟ ಮೂಸಿ, "ಅಯ್ಯೋ, ನಮ್ಮಜ್ಜನ ಬಾಯಿ ವಾಸ್ನೆ ಕಣೇ!" ಅಂದಳು. ಗೆಳತಿಯರೆಲ್ಲ ನಕ್ಕರು. ನಾನೂ ನಕ್ಕೆ. ಇನ್ನೊಬ್ಬಳು ಮಾತ್ರ ನಿಂತು, "ಅಕ್ಕಾ, ಬಾಟ್ಲಿ ಎಷ್ಟ್ ಚೆನ್ನಾಗಿದೆ! ಖಾಲಿದು ಇದ್ರೆ ಕೊಡ್ತೀರಾ? ಹೂವಿಡ್ತೀನಿ" ಎಂದು ಕೇಳಿದಳು. ಒಂದನ್ನು ಚರಂಡಿಗೆ ಬಗ್ಗಿಸಿ, ತೊಳೆದು ಕೊಟ್ಟೆ.

ಅಂಗಡಿಯವರೂ ತಮ್ಮಲ್ಲಿ ಉಳಿದದ್ದನ್ನು ವಾಪಸು ಕಳಿಸಿದ್ದಾರೆ. ಈ ವರ್ಷ ನಾನು ಅಕ್ಕಿ ತರಿಸಿಲ್ಲ. ಆದ್ದರಿಂದ ಪ್ರತಿ ಚಳಿಗಾಲ ಬರುವಂತೆ ಈ ಸಲ ನಿಮ್ಮ ಊರಿನವರನ್ನು ಕರೆದುಕೊಂಡು ನಮ್ಮ ಸಾಕೆ ಮನೆಯ ಕೆಲಸಕ್ಕೆ ಬರಬೇಡಿ. ಅವರಿಗೆ ಬೇರೆ ಸಾಕೆ ಮನೆಯಲ್ಲಿ ಕೆಲಸ ಸಿಕ್ಕರೆ ನನಗಾಗಿ ಕಾಯಿಸದೆ ಕಳಿಸಿಬಿಡಿ.

ಅಪ್ಪನಿಗೆ ಇದು ಗೊತ್ತಿಲ್ಲ. ಚಳಿ ಶುರುವಾದಾಗಿನಿಂದ ಬಾಗಿಲು ಸದ್ದಾದರೆ ಸಾಕು, "ಕುಜಿ ಬಂದ್ನೇನೇ?" ಅನ್ನುತ್ತಾರೆ. ಅವರು ಫೋನ್ ಮಾಡಿದರೆ, ಮಂಡಿ ನೋವು, ಇನ್ನು ಕೈಲಾಗುವುದಿಲ್ಲ ಎಂದು ಹೇಳಿಬಿಡಿ. ಗಟ್ಟಿಮುಟ್ಟಾಗಿರುವ ನಿಮ್ಮ ಬಾಯಲ್ಲಿ ಈ ಸುಳ್ಳು ಹೇಳಿಸುತ್ತಿದ್ದೇನೆ, ಕ್ಷಮಿಸಿ. ನಿಮಗೆ ವಯಸ್ಸಾಯಿತೆಂದರೆ ಅವರು ಹೇಗೋ ತಡೆದುಕೊಳ್ಳುತ್ತಾರೆ. ನಿಮ್ಮ ಕೈಯ ಸಾಕೆ ಯಾರಿಗೂ ಬೇಡವಾಯಿತೆಂದರೆ ತಡೆದುಕೊಳ್ಳಲಾರರು.

ಇತಿ,
ನಿಮ್ಮ ಚಿಗುಸ