ಸುಧಾಳ ಕಂಪ್ಯೂಟರ್ ನಮ್ಮ ಟಿವಿಗೆ ಹತ್ತಿದ್ದು

ಸುಧಾ,

ನಿನ್ನೆ ಮಧ್ಯಾಹ್ನ ನಿನ್ನ ಮಗಳು ಐಶ್ವರ್ಯ ಮಿಶ್ರಿಕೋಟಿಯ ನಮ್ಮ ಮನೆಗೆ ಬಂದಿದ್ದಳು. ನೀನು ತೀರಿಕೊಂಡಾಗ ನಾನು ಬರಲಿಲ್ಲ. ಆದರೂ ಅವಳು ಬಂದಳು. ಚೀಲದಲ್ಲಿ ಟಿವಿಯನ್ನೇ ಪರದೆ ಮಾಡಿಕೊಳ್ಳುವ ನಿಮ್ಮಪ್ಪನ ಆ ಹಳೆಯ ಕಂಪ್ಯೂಟರ್, ಅದಕ್ಕೆ ಪ್ರೋಗ್ರಾಂ ಓದಿಸುವ ಟೇಪ್ ರೆಕಾರ್ಡರ್, ಒಂದು ಕ್ಯಾಸೆಟ್ ಇದ್ದವು.

"ಇದನ್ನ ಭಾಗ್ಯಾಗ ಕೊಡು ಅಂತ ಅವ್ವ ಹೇಳಿದ್ಲರಿ. ನಿಮ್ಮ ಟಿವಿಗೆ ಹಚ್ಚಿ ತೋರಸ್ಲೇನ್ರಿ?"

ಇಷ್ಟು ವರ್ಷ ಇಲ್ಲದ್ದು ಈಗೇಕೆ ಎಂದು ನನಗೆ ಗುಮಾನಿ. ಹೊಸ ಟಿವಿ ಸುಟ್ಟೀತು ಎಂದು ನೆಪ ಹೇಳಿದೆ. ಅವಳು ಕೇಳಲಿಲ್ಲ. ಆಂಟೆನಾ ತೂತಿಗೆ ವೈರು ಸಿಕ್ಕಿಸಿ ಚಾನೆಲ್ ಹುಡುಕತೊಡಗಿದಳು. ನಾನು ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದೆ. ಪರದೆಯ ತುಂಬ ಚುಕ್ಕಿಗಳು ಕುಣಿದವು, ಆಮೇಲೆ ಪರದೆ ನೀಲಿಯಾಯಿತು. ಅವಳು ಹಾಕಿದ ಕ್ಯಾಸೆಟ್, ಆಟ ಕಂಪ್ಯೂಟರಿಗೆ ಇಳಿಯುವವರೆಗೂ ಕಿರುಚಿತು. ನಾವಿಬ್ಬರೂ ಹೈಸ್ಕೂಲಿನಲ್ಲಿದ್ದಾಗ ಅದರಲ್ಲೇ ಪ್ರೋಗ್ರಾಂ ಬರೆದು ಮಾಡಿದ ಹುಲಿ-ಕುರಿ ಆಟ ತೆರೆದುಕೊಂಡಿತು.

ಮೊದಲ ಸಾಲಿನಲ್ಲಿ ಇಬ್ಬರ ಹೆಸರೂ ಇದ್ದವು, ನನ್ನದೇ ಮುಂದೆ. ಶಾಲೆಯ ಪ್ರದರ್ಶನದಲ್ಲಿ ನಿನ್ನೊಬ್ಬಳನ್ನೇ ಕೂಗಿ ಬಹುಮಾನ ಕೊಟ್ಟಾಗ, ನನ್ನ ಹೆಸರನ್ನು ನೀನೇ ಅಳಿಸಿದ್ದೀ ಎಂದು ತಿಳಿದವಳು ನಾನು.

"ಇದನ್ನ ನಿಮ್ಮವ್ವ ಆಮ್ಯಾಲೆ ಸೇರಿಸಿರಬೇಕು," ಅಂದೆ.

ಐಶ್ವರ್ಯ ಕ್ಯಾಸೆಟ್ ಹೊರತೆಗೆದು ಅದರ ಮುರಿದ ಮೂಲೆ ತೋರಿಸಿದಳು. "ಈ ಚೂರು ಮುರದ್ರ ಮತ್ತ ರೆಕಾರ್ಡ್ ಆಗಂಗಿಲ್ಲರಿ."

ಅದು ನನಗೆ ಗೊತ್ತಿತ್ತು. ಪ್ರದರ್ಶನದ ಹಿಂದಿನ ದಿನ ನೀನು ಅದನ್ನು ಮುರಿದದ್ದು ನನ್ನ ಹೇರ್‌ಪಿನ್ನಿನಿಂದಲೇ. ಅಂದಮೇಲೆ ನನ್ನ ಹೆಸರು ಆವತ್ತೂ ಅಲ್ಲೇ ಇತ್ತು.

"ಅವ್ವನ ಜೋಡಿ ಯಾಕ ಮಾತು ಬಿಟ್ರಿ?" ಎಂದು ಹುಡುಗಿ ಮೆಲ್ಲಗೆ ಕೇಳಿದಳು.

"ಊಟಾ ಮಾಡೇ ಹೋಗ್ಬೇಕು ನೋಡು," ಎಂದು ಅಡುಗೆಮನೆಗೆ ಹೋದೆ. ಹೊರಗೆ ಬರಲು ಬಹಳ ಹೊತ್ತು ಹಿಡಿಯಿತು.

ಭಾಗ್ಯಾ