ಅತ್ತೆಗೂ ಸೇಮ್

ಸತ್ತೇಗಾಲ
೧೪ ಮೇ ೨೦೨೫, ಬುಧವಾರ

ನನ್ನ ಮುದ್ದು ರಮ್ಯಾ,

ಹೇಗಿದ್ದೀಯ ಕಂದ? ಕೆಮ್ಮು ನಿಂತಿತೇ? ಅಸ್ಸಾಮಿನ ಮಳೆಗೆ ಬೂಟು ಒಣಗುವುದೇ ಇಲ್ಲ ಎಂದಿದ್ದೆ, ಕಾಲ್ಬೆರಳ ಸಂದಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗು. ನಾವೆಲ್ಲ ಚೆನ್ನಾಗಿದ್ದೇವೆ. ಅಣ್ಣನ ಮದುವೆಗೆ ನಿನಗೆ ರಜೆ ಕೊಡದ ಕ್ಯಾಂಪಿನ ಸಾಹೇಬರನ್ನು ಅಜ್ಜಿ ಇನ್ನೂ ಬೈಯುತ್ತಿದ್ದಾರೆ. ಸಾಹೇಬರು ಡ್ಯೂಟಿಯಲ್ಲಿ ಬಿಕ್ಕಳಿಸಿದರೆ ಯಾರ ಕೆಲಸ ಎಂದು ನಿನಗೆ ಗೊತ್ತಿರಲಿ. ಮದುವೆಯ ಸೀರೆ, ಚಕ್ಕುಲಿ ಪಾರ್ಸೆಲ್ ಮಾಡುತ್ತಿದ್ದೇನೆ, ಅದರ ಜೊತೆಗೇ ಈ ಪತ್ರ. ಫೋನಿನಲ್ಲಿ ಹೇಳೋಣವೆಂದರೆ ನೀನು ನಡುವೆ ನಗುತ್ತೀ, ಆಮೇಲೆ ನಾನು ಅಳುತ್ತೇನೆ, ವಿಷಯ ಅಲ್ಲೇ ಉಳಿಯುತ್ತದೆ.

ನಿನ್ನ ಆ ‘ಸೇಮ್’ ಎಂಬ ಪದಕ್ಕೆ ನಾನು ಎಷ್ಟು ಬೈದಿದ್ದೇನೆ, ನೆನಪಿದೆಯಾ? ನಾನು ಮದುವೆಯಾಗಿ ಬಂದ ಕಾಲದಲ್ಲಿ ಅದು ಕೊಳ್ಳೇಗಾಲದ ಸೀರೆ ಅಂಗಡಿಯ ಮಾತು. ಸದಾಶಿವಪ್ಪನವರ ಅಪ್ಪ ಸೀರೆ ಹರವಿ ‘ಸೇಮ್ ಟು ಸೇಮ್ ಕಣವ್ವ’ ಎನ್ನುತ್ತಿದ್ದರು, ನಾವು ಅದನ್ನು ಅಲ್ಲೇ ಬಿಟ್ಟು ಮನೆಗೆ ಬಂದು ‘ಅದರಂಗೇ’ ಎನ್ನುತ್ತಿದ್ದೆವು. ಮನೆಯೊಳಗೆ ತಂದವಳು ನೀನು. ಸ್ಕೂಲಿನಲ್ಲಿ ಒಂದೇ ಬಣ್ಣ ತೊಟ್ಟವರನ್ನು ‘ಸೇಮ್ ಪಿಂಚ್’ ಎಂದು ಚಿವುಟುವುದನ್ನು ಕಲಿತು ಬಂದು, ನಿನ್ನ ಬಿಳಿ ಯೂನಿಫಾರ್ಮಿಗೂ ಅಜ್ಜಿಯ ಬಿಳಿ ರವಿಕೆಗೂ ತಾಳೆ ಹಾಕಿ ಅವರ ತೋಳು ಚಿವುಟಿ ಓಡಿದ್ದೆ. ಪೊರಕೆ ಹಿಡಿದು ಅವರು ನಿನ್ನನ್ನು ಹಿತ್ತಲವರೆಗೆ ಅಟ್ಟಿಕೊಂಡು ಹೋಗಿದ್ದರು. ಕಾಲೇಜು ಸೇರಿದ ಮೇಲೆ ‘ಪಿಂಚ್’ ಹೋಯಿತು, ಬರೀ ‘ಸೇಮ್’ ಉಳಿಯಿತು. ಮಂಡಿನೋವು, ನಿದ್ದೆಯಿಲ್ಲ, ಮನಸ್ಸಿಗೆ ಬೇಜಾರು ಎಂದು ನಾನು ಉದ್ದಕ್ಕೆ ಹೇಳಿಕೊಂಡರೆ ನಿನ್ನ ಉತ್ತರ ‘ಸೇಮ್’ ಅಷ್ಟೇ. ಹೆತ್ತವಳಿಗೆ ಒಂದೇ ಪದವಾ ಎಂದು ಸಿಟ್ಟು ಬರುತ್ತಿತ್ತು. ಈಗ ನೋಡು, ಡೈರಿಯ ಪುಟ್ಟಮಾದಪ್ಪನನ್ನು ಹೇಗಿದ್ದೀಯಪ್ಪ ಎಂದರೆ ಅವನೂ ‘ಸೇಮು ಕಣಕ್ಕ’ ಎನ್ನುತ್ತಾನೆ.

ಈಗಿನ ಮದುವೆಗಳಲ್ಲಿ ಗಂಡಿನ ಮನೆಯ ಹೆಂಗಸರೆಲ್ಲ ಒಂದೇ ಸೀರೆ ಉಡುತ್ತಾರಲ್ಲ, ನಮ್ಮಲ್ಲೂ ಹಾಗೇ ಆಯಿತು. ಸೊಸೆಯಾಗಿ ಬರುವ ದೀಪಳನ್ನೂ ಯಳಂದೂರಿನಿಂದ ಕರೆಸಿಕೊಂಡು ಸದಾಶಿವಪ್ಪನವರ ಅಂಗಡಿಗೆ ಹೋದೆವು. ನವಿಲು ಬಣ್ಣ, ಕೆಂಪು ಅಂಚು. ನಿನಗೂ ಸೇರಿಸಿ ಎಲ್ಲರಿಗೂ ತೆಗೆದಿಡುವಾಗ ನನ್ನನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ನಿಮ್ಮಪ್ಪ ಹೋದ ಮೇಲೆ ಶುಭಕಾರ್ಯದಲ್ಲಿ ನನ್ನ ಜಾಗ ಅಡುಗೆಮನೆಯ ಬಾಗಿಲು ತಾನೇ. ತಾತ ಹೋದಾಗಿನಿಂದ ಬಣ್ಣದ ಸೀರೆ ಮುಟ್ಟದ ಅಜ್ಜಿ ‘ನಂಗೂ ನಿಂಗೂ ಅದ್ಯಾಕಮ್ಮಿ, ಬೂದಿ ಬಣ್ಣದ್ದು ಸಾಕು’ ಎಂದರು. ನಾನು ತಲೆಯಾಡಿಸಿದೆ. ಆದರೆ ಸಂಕಟವಾಯಿತು ರಮ್ಯಾ, ಒಬ್ಬನೇ ಮಗನ ಧಾರೆಯನ್ನು ಕಂಬದ ಮರೆಯಿಂದ ನೋಡಬೇಕಲ್ಲ ಎಂದು. ಆಗ ದೀಪ ಅಂಗಡಿಯವರ ಕಡೆ ತಿರುಗಿ ‘ಅತ್ತೆಗೂ ಸೇಮ್’ ಎಂದಳು. ಅಷ್ಟೇ. ವಾದವಿಲ್ಲ, ಭಾಷಣವಿಲ್ಲ. ಸದಾಶಿವಪ್ಪನವರು ಇನ್ನೊಂದನ್ನು ಮಡಿಸಿಟ್ಟರು. ಅಜ್ಜಿ ಬಸ್ಸಿನಲ್ಲಿ ಊರು ಬರುವವರೆಗೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು.

ಭಾನುವಾರ ಮದುವೆಗೆ ಆ ಸೀರೆ ಉಟ್ಟರೂ ನನ್ನ ಕಾಲು ಹಳೇ ಜಾಗಕ್ಕೇ ನಡೆಯಿತು. ಧಾರೆಗೆ ಎಲ್ಲರನ್ನೂ ಕರೆಯುತ್ತಿದ್ದಾರೆ, ನಾನು ಕಂಬದ ಹಿಂದೆ. ಅಷ್ಟರಲ್ಲಿ ಕೋಲೂರಿಕೊಂಡು ಬಂದ ಅಜ್ಜಿ ನನ್ನ ತೋಳನ್ನು ಕೆಂಪಾಗುವ ಹಾಗೆ ಚಿವುಟಿದರು. ‘ರಮ್ಯ ಮಾಡ್ತಿದ್ದದ್ದು ಇಂಗೇ ಅಲ್ವಾ? ಓಗಮ್ಮಿ, ಮುಂದ್ಕ ನಿಂತ್ಕ. ನಿನ್ ಮಗನ್ ಮದ್ವ.’ ಒಂದೇ ಬಣ್ಣ ಉಟ್ಟವರು ಮಾತ್ರ ಚಿವುಟಬೇಕು ಅತ್ತೆ ಎಂದು ನಗುತ್ತಲೇ ಕಣ್ಣೊರೆಸಿಕೊಂಡೆ. ಅವರು ತಮ್ಮ ಬೂದಿ ಸೀರೆ ನೋಡಿಕೊಂಡರು, ಆಮೇಲೆ ಕೋಲಿನಿಂದ ನನ್ನನ್ನು ಮುಂದಕ್ಕೆ ತಳ್ಳಿದರು. ನಾನು ಮುಂದೆ ಹೋಗಿ ನಿಂತೆ ಕಣೇ. ನಿನ್ನಣ್ಣ ಶಾಂತಮೂರ್ತಿಯ ಪಕ್ಕದಲ್ಲೇ, ಎಲ್ಲರೆದುರು ನಿಂತೆ. ಯಾರೋ ಗೊಣಗಿದರಂತೆ, ಓಲಗದ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ.

ಬೆಟ್ಟದ ಮಾದಪ್ಪ ನಿನ್ನನ್ನು ಕಾಯಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು. ಅಣ್ಣ, ಅತ್ತಿಗೆ ನಿನ್ನನ್ನು ಕೇಳಿದ್ದಾರೆ.

ನಿನ್ನ ಅಮ್ಮ,
ಮಲ್ಲಾಜಮ್ಮ

ಮರೆಯುವ ಮುಂಚೆ: ಪಾರ್ಸೆಲ್ಲಿನಲ್ಲಿ ಬರೀ ಚಕ್ಕುಲಿ ಬರುತ್ತದೆ, ಬೇಜಾರು ಮಾಡಿಕೊಳ್ಳಬೇಡ. ಪಾರ್ಸೆಲ್ ಹೊಲಿಯಲು ಸೂಜಿ ತರಲೆಂದು ಒಳಗೆ ಹೋಗಿ ಬರುವಷ್ಟರಲ್ಲಿ ನಿನ್ನ ಸೀರೆ ಮಾಯವಾಗಿತ್ತು. ನೋಡಿದರೆ ಅಜ್ಜಿ ಅದನ್ನು ಉಟ್ಟುಕೊಂಡು ಜಗುಲಿಯಲ್ಲಿ, ಬೀದಿಗೆಲ್ಲ ಕಾಣುವ ಹಾಗೆ ಕೂತಿದ್ದಾರೆ. ನನಗೂ ನವಿಲು ಬಣ್ಣದ್ದೇ ಉಟ್ಟು ಬಾ ಎಂದರು. ಉಟ್ಟು ಬಂದೆ. ಹತ್ತಿರ ಕರೆದು ಅದೇ ತೋಳನ್ನು ಮತ್ತೆ ಚಿವುಟಿ ‘ಈಗ ಸೇಮಾ?’ ಎಂದು ಕೇಳಿದರು. ಹೌದು ಅತ್ತೆ, ಸೇಮ್ ಎಂದೆ.