ಒಣಗದ ಕೆನ್ನೆ

೧೪ ಡಿಸೆಂಬರ್, ಭಾನುವಾರ. ಆರ್.ಕೆ.ಪುರಂ.

ಹತ್ತು ದಿನವಾದರೂ ಬಣ್ಣ ಒಣಗಿಲ್ಲ. ಸುಮ್ಮನೆ ಈ ದೆಹಲಿಯ ಚಳಿಯನ್ನು ಬೈದುಕೊಂಡು ಕ್ಯಾನ್‌ವಾಸನ್ನು ಹೀಟರ್ ಮುಂದೆ ಇಟ್ಟಿದ್ದೆ. ತಪ್ಪು ನನ್ನದೇ. ಟ್ಯೂಬಿನ ಬಣ್ಣ ಗಟ್ಟಿಯಾಗಿದೆಯೆಂದು ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಬೆರೆಸಿದ್ದೆ. ಯಾವ ಎಣ್ಣೆಯಾದರೇನು ಅಂದುಕೊಂಡೆ, ಪೆದ್ದ.

ಬಣ್ಣದ ಪೆಟ್ಟಿಗೆ ಕೊಡಿಸಿದ ಮಗಳು ಹರ್ಷಿಣಿ ಇವತ್ತೂ ಊರಿನ ಆ ತುದಿಯ ರೋಹಿಣಿ ಬಡಾವಣೆಯಿಂದ ಬರಲಿಲ್ಲ. ಫೋನಿನಲ್ಲೇ ನಕ್ಕಳು. "ಅಯ್ಯೋ ಅಪ್ಪ, ಲಿನ್ಸೀಡ್ ಆಯಿಲ್, ಅದೇ ಅಗಸೆ ಎಣ್ಣೆ ಹಾಕ್ಬೇಕಿತ್ತು. ಯೇ ತೋ ಕಭೀ ನಹೀ ಸೂಖೇಗಾ, ಒಣಗೋದೇ ಇಲ್ಲ! ಒರೆಸಿ ಹೊಸದಾಗಿ ಶುರು ಮಾಡು."

ಯಾರ ಚಿತ್ರವೆಂದು ಅವಳು ಕೇಳಲಿಲ್ಲ. ನಿನ್ನದೇ ಎಂದು ನಾನೂ ಹೇಳಲಿಲ್ಲ.

ಬಟ್ಟೆ ಹಿಡಿದು ಕೂತೆ. ಒರೆಸಲು ಮನಸ್ಸು ಬರಲಿಲ್ಲ. ಒಣಗಿದೆಯೇ ಎಂದು ನೋಡುವ ನೆಪದಲ್ಲಿ ದಿನವೂ ಆ ಕೆನ್ನೆ ಮುಟ್ಟುತ್ತಿದ್ದೆ. ಒಣಗದಿದ್ದರೇನಂತೆ, ನಾಳೆಯೂ ಮುಟ್ಟಿ ನೋಡಬಹುದು.